ಬಂದೇನು, ಇದ್ದೇನು

ಮೊದ್ಲೇ ಹೇಳ್ಬಿಡ್ತೀನಿ, ನಾನು ವೃದ್ಧಾಶ್ರಮಕ್ಕೆ ವಾಲಂಟಿಯರ್ ಆಗಿ ಹೋಗೋಕೆ ಶುರು ಮಾಡಿದ್ದು ಸೇವೆ ಗೀವೆ ಅನ್ನೋ ದೊಡ್ಡ ಮನಸ್ಸಿಂದ ಏನಲ್ಲ. ಫ್ರೆಂಡ್ ಒಬ್ಬಳಿಗೆ ಹೋಗ್ಬೇಕು ಅಂತ ಆಸೆ, ಒಬ್ಬಳೇ ಹೋಗೋಕೆ ಧೈರ್ಯ ಇಲ್ಲ, ಜೊತೆಗೆ ಬಾ ಬಾ ಅಂತ ಎಳ್ಕೊಂಡು ಹೋದ್ಲು. ಮೂರನೇ ವಾರಕ್ಕೆ ಅವಳು ಬಿಟ್ಳು, ನಾನು ಉಳ್ಕೊಂಡೆ. ಯಾಕೆ ಅಂದ್ರೆ ಅಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರು ನನ್ನ ಕನ್ನಡ ತಿದ್ದೋಕೆ ಶುರು ಮಾಡಿದ್ರು, ಅದರ ಮೇಲೆ ಒಂದು ವಾದ ಆಯ್ತು, ಅಷ್ಟರಲ್ಲಿ ಟೈಮ್ ಮುಗೀತು, ಆ ವಾದ ಗೆಲ್ಲೋಕೆ ಅಂತ ಮುಂದಿನ ವಾರ ಹೋದೆ. ಗೆಲ್ಲಲಿಲ್ಲ. ಅದರ ಮುಂದಿನ ವಾರಾನೂ ಹೋದೆ.

ಯಾರ ಹೆಸರೂ ಹೇಳಲ್ಲ, ಯಾವ ಜಾಗ ಅಂತಾನೂ ಹೇಳಲ್ಲ, ಅವರು ಯಾವ ದೇವರನ್ನ ನಂಬ್ತಿದ್ರು ಅಂತ ಅಂತೂ ಬೇಕಂತಲೇ ಬಿಟ್ಟಿದೀನಿ.

ಮೊದಲ ದಿನ ಕೋಆರ್ಡಿನೇಟರ್ ಮೇಡಂ ಒಂದು ಗಂಟೆ ಕೂರಿಸ್ಕೊಂಡು ರೂಲ್ಸ್ ಹೇಳಿದ್ರು. ಯಾರನ್ನೂ ಹಾಸಿಗೆಯಿಂದ ಎತ್ತಬೇಡಿ, ಸಿಸ್ಟರ್‌ನ ಕೇಳ್ದೆ ಬಾಯಿಗೆ ಏನೂ ಹಾಕಬೇಡಿ, ಗಿಫ್ಟ್ ತಗೋಬೇಡಿ, ಇಲ್ಲಿ ಕೇಳಿದ್ದನ್ನ ಹೊರಗೆ ಹೇಳಬೇಡಿ, ನಿಮ್ಮ ದೇವರನ್ನ ಅವರ ಮೇಲೆ ಹೇರಬೇಡಿ, ಹಾಗಂತ ಅವರ ದೇವರನ್ನ ಅಲ್ಲಗಳೀನೂ ಬೇಡಿ. ಇಷ್ಟೆಲ್ಲ ಸರಿ, ಅರ್ಥ ಆಯ್ತು. ಕೊನೇಲಿ ಇನ್ನೊಂದು ಹೇಳಿದ್ರು, ಹೊರಡೋವಾಗ 'ಮುಂದಿನ ವಾರ ಬರ್ತೀನಿ' ಅಂತ ಮಾತು ಕೊಡಬೇಡಿ. ಯಾಕೆ ಅಂದೆ. ನಿಮಗೆ ಬರೋಕೆ ಆಗ್ದೇ ಇದ್ರೆ ಅವರು ಬಾಗಿಲು ನೋಡ್ಕೊಂಡು ಕೂತಿರ್ತಾರೆ ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನೀವು ಬಂದಾಗ ಅವರೇ ಇಲ್ಲದೇನೂ ಇರಬಹುದು ಅಂದ್ರು.

ನನಗೆ ಇದೇ ತಲೆ ಕೆಡಿಸಿದ್ದು. ನಾವು ಎದ್ದು ಹೊರಡೋವಾಗ 'ಹೋಗ್ತೀನಿ' ಅನ್ನಲ್ವಲ್ಲ, ಅಪಶಕುನ ಅಂತ ಬೈಸ್ಕೊಂಡೇ ಬೆಳೆದಿರೋದು, 'ಬರ್ತೀನಿ' ಅನ್ನೋದೇ ನಮ್ಮ ಬಾಯಲ್ಲಿ ಹೊರಡೋ ಮಾತು. ಈಗ ಅದನ್ನ ಅನ್ನಬಾರದು ಅಂದ್ರೆ ಇನ್ನೇನು ಅನ್ನೋದು? ಟಾಟಾ ಮಾಡ್ಲಾ?

ಇದನ್ನೇ ಮೇಷ್ಟ್ರ ಹತ್ರ ಕೇಳ್ದೆ. ಅವರದ್ದು ಎರಡು ಬೆಡ್ಡಿನ ರೂಮು, ಕಿಟಕಿ ಕಡೆ ಇವರು, ಬಾಗಿಲು ಕಡೆ ಒಬ್ಬ ತಾತ, ಟೈಲರ್ ಆಗಿದ್ದವರು, ದಿನಾ ಸಂಜೆ ಮಣಿಸರ ಹಿಡ್ಕೊಂಡು ಜೋರಾಗಿ ಪ್ರಾರ್ಥನೆ ಹೇಳೋರು. ಮೇಷ್ಟ್ರಿಗೆ ದೇವರು ಆಗಲ್ಲ. ಇಬ್ಬರೂ ನಾಲ್ಕು ವರ್ಷದಿಂದ ಆ ರೂಮಲ್ಲಿ. ಮೇಷ್ಟ್ರು ನನ್ನ ಪ್ರಶ್ನೆ ಕೇಳಿ ಕ್ಲಾಸಲ್ಲಿ ಬೋರ್ಡ್ ಮುಂದೆ ನಿಂತವರ ಥರ ಗಂಟಲು ಸರಿ ಮಾಡ್ಕೊಂಡ್ರು. "ಬರುತ್ತೇನೆ ಅನ್ನೋದು ವ್ಯಾಕರಣದಲ್ಲಿ ವರ್ತಮಾನ. ಬರುವೆನು ಅನ್ನೋದು ಭವಿಷ್ಯತ್. ಎರಡೂ ನಿನಗೆ ಬೇಡ. ಸಂಭಾವನಾರ್ಥಕ ಅಂತ ಒಂದಿದೆ, ಓದಿದೀಯ? ಬಂದೇನು. ಬಂದರೂ ಬಂದೇನು, ಬರದೇನೂ ಇದ್ದೇನು. ಅದು ಪ್ರಾಮಾಣಿಕವಾದ ಕ್ರಿಯಾಪದ."

ಅವತ್ತು ಹೊರಡೋವಾಗ ತಮಾಷೆಗೆ "ಬಂದೇನು ಮೇಷ್ಟ್ರೇ" ಅಂದೆ. ಅವರು ಪೇಪರ್‌ನಿಂದ ತಲೆ ಎತ್ತದೆ "ಇದ್ದೇನು" ಅಂದ್ರು.

ಆಮೇಲೆ ಅದೇ ರೂಢಿ ಆಯ್ತು. ಪ್ರತಿ ವಾರ.

ಮೊದಲ ತಿಂಗಳು ನಾನು ಮಾಡಿದ ತಪ್ಪುಗಳಿಗೆ ಲೆಕ್ಕ ಇಲ್ಲ, ಒಂದೆರಡು ಹೇಳ್ತೀನಿ. ಒಂದು ದಿನ ಟೈಲರ್ ತಾತ ನೀರು ಕೇಳಿದ್ರು, ಬಾಯಿ ಒಣಗಿದೆ ಮಗಾ ಒಂದು ಗುಟುಕು ಅಂತ, ಪಕ್ಕದಲ್ಲೇ ಜಗ್ ಇತ್ತು, ಕೊಟ್ಟೆ. ಕೊಟ್ಟಿದ್ದೇ ತಡ ಕೆಮ್ಮು, ಮುಖ ಕೆಂಪಾಗಿ ಕಣ್ಣಲ್ಲಿ ನೀರು, ಸಿಸ್ಟರ್ ಓಡಿ ಬಂದು ಮುಂದಕ್ಕೆ ಬಗ್ಗಿಸಿ ಹಿಡ್ಕೊಂಡ್ರು. ತಲೆ ಹತ್ರ ಗೋಡೆ ಮೇಲೆ ಇಷ್ಟು ದೊಡ್ಡ ಬೋರ್ಡಿತ್ತು, ಇವರಿಗೆ ನೀರಿಗೆ ಪೌಡರ್ ಹಾಕಿ ಗಟ್ಟಿ ಮಾಡಿ ಕೊಡಬೇಕು ಅಂತ. ನುಂಗೋ ಶಕ್ತಿ ಕಮ್ಮಿ ಆದವರಿಗೆ ತೆಳ್ಳಗಿರೋ ನೀರೇ ಅಪಾಯ, ಗಂಟಲಲ್ಲಿ ಸರಕ್ಕನೆ ಜಾರಿ ಶ್ವಾಸನಾಳಕ್ಕೆ ಹೋಗತ್ತೆ, ಅದರಿಂದ ನ್ಯುಮೋನಿಯಾನೇ ಆಗಬಹುದು. ಜೋರಾಗಿ ಬೈಸ್ಕೊಂಡೆ, ಬೈಸ್ಕೋಬೇಕಾದ್ದೇ. ತಾತ ಮಾತ್ರ ಕೆಮ್ಮು ನಿಂತ ಮೇಲೆ "ನೀರು ಚೆನ್ನಾಗಿತ್ತು" ಅಂದ್ರು.

ಇನ್ನೊಂದು ತಪ್ಪು ಬಾಯಿಂದ ಆಗಿದ್ದು. ಮೇಷ್ಟ್ರಿಗೆ ಹಾರ್ಟ್ ವೀಕ್, ಕಾಲು ಊದ್ಕೊಳ್ಳೋದು, ಮಲಗಿದ್ರೆ ಉಸಿರಾಡೋಕಾಗದೆ ರಾತ್ರಿ ಎಲ್ಲ ಒರಗಿ ಕೂತಿರೋದು. ಒಂದಿನ ತೀರಾ ಸುಸ್ತಾಗಿದ್ರು, ನನಗೆ ಏನು ಹೇಳ್ಬೇಕೋ ಗೊತ್ತಾಗದೆ "ದೇವರಿದಾನೆ ಮೇಷ್ಟ್ರೇ, ಎಲ್ಲ ಸರಿ ಹೋಗತ್ತೆ" ಅಂದ್ಬಿಟ್ಟೆ. ಅವರು ನನ್ನ ಕಡೆ ನೋಡಿ "ನಿನ್ನ ದೇವರನ್ನ ತಂದು ನನ್ನ ಹಾಸಿಗೆ ಮೇಲೆ ಯಾಕಮ್ಮಾ ಕೂರಿಸ್ತೀಯ, ನನಗೇ ಜಾಗ ಸಾಲ್ತಿಲ್ಲ" ಅಂದ್ರು. ಪಕ್ಕದ ಬೆಡ್ಡಿಂದ ಟೈಲರ್ ತಾತ ಕಿಸಕ್ ಅಂತ ನಕ್ಕರು.

ನಿಜ ಹೇಳ್ಬೇಕಂದ್ರೆ ಅದು ನನ್ನ ದೇವರೂ ಅಲ್ಲ. ನಾನು ಪರೀಕ್ಷೆ ಟೈಮಲ್ಲಿ, ರಿಪೋರ್ಟ್ ಬರೋ ಟೈಮಲ್ಲಿ ಮಾತ್ರ ಕೈ ಮುಗಿಯೋ ಜಾತಿ. ಆ ಮಾತು ನನ್ನ ಗಾಬರಿಗೆ ಹೊರಗೆ ಬಂದಿದ್ದು, ಅವರಿಗೋಸ್ಕರ ಅಲ್ಲ. ಆ ಒಂದು ವರ್ಷದಲ್ಲಿ ನಾನು ಬೇರೆ ವಾಲಂಟಿಯರ್‌ಗಳಲ್ಲೂ ಮನೆಯವರಲ್ಲೂ ಇದನ್ನೇ ನೋಡಿದೆ, ಕಾಯಿಲೆಯವರ ಹತ್ರ ದೇವರ ಹೆಸರು ಎತ್ತೋ ಮುಕ್ಕಾಲು ಜನ ತಮಗೆ ತಾವೇ ಸಮಾಧಾನ ಹೇಳ್ಕೋತಿರ್ತಾರೆ.

ಇನ್ನೊಂದು ರೂಮಲ್ಲಿ ಒಬ್ಬರು ಅಜ್ಜಿ ಇದ್ರು, ಮರೆವಿನ ಕಾಯಿಲೆ, ಡಿಮೆನ್ಶಿಯಾ. ಹೋದಾಗೆಲ್ಲ ಯಜಮಾನ್ರು ಎಲ್ಲಿ, ಇನ್ನೂ ಬಂದಿಲ್ವಾ ಅಂತ ಕೇಳೋರು. ಮೊದಲ ಸಲ ನಾನು ದೊಡ್ಡ ಸತ್ಯಸಂಧೆ ಥರ ಅವರು ತೀರ್ಕೊಂಡಿದಾರಲ್ಲ ಅಜ್ಜೀ ಅಂತ ಹೇಳ್ದೆ. ಅಜ್ಜಿ ಆಗಷ್ಟೇ ಸುದ್ದಿ ಕೇಳಿದವರ ಥರ ಅತ್ರು. ಆಗಷ್ಟೇ ಕೇಳಿದ್ದೇ ಅಲ್ವಾ ಅವರ ಪಾಲಿಗೆ. ಆಯಾ ಬಂದು ನನ್ನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ, ತಿದ್ದಬೇಡಿ ಮೇಡಂ, ಯಜಮಾನ್ರು ಹೇಗಿದ್ರು ಅಂತ ಕೇಳಿ ಸಾಕು, ಅವರೇ ಹೇಳ್ಕೊಂಡು ಹೋಗ್ತಾರೆ ಅಂದ್ರು. ಕೇಳ್ದೆ. ಮುಂದಿನ ಅರ್ಧ ಗಂಟೆ ಅಜ್ಜಿ ಅವರ ಸೈಕಲ್ ಬಗ್ಗೆ ಹೇಳಿದ್ರು.

ಈ ಅಜ್ಜಿಗೆ ಮಗಳ ಹೆಸರು ನೆನಪಿರ್ಲಿಲ್ಲ, ಆದ್ರೆ ಚಿಕ್ಕಂದಿನಲ್ಲಿ ಕಲಿತ ಬೆಳಗಿನ ಪ್ರಾರ್ಥನೆ ಒಂದಕ್ಷರ ಆಚೆ ಈಚೆ ಆಗದೆ ಬರೋದು. ಮೊದಲ ಎರಡು ಪದ ನಾವು ಹೇಳಿದ್ರೆ ಸಾಕು, ಉಳಿದಿದ್ದು ತಾನಾಗೇ ಹರೀತಿತ್ತು, ರಾಗ ಸಮೇತ. ಚಿಕ್ಕ ವಯಸ್ಸಲ್ಲಿ ಸಾವಿರ ಸಲ ಹೇಳಿ ಹೇಳಿ ನಾಲಿಗೆಗೆ ಅಭ್ಯಾಸ ಆಗಿರೋದು, ಅದರಲ್ಲೂ ರಾಗ ತಾಳ ಇರೋದು, ಹೊಸ ನೆನಪುಗಳೆಲ್ಲ ಅಳಿಸಿಹೋದ ಮೇಲೂ ಎಷ್ಟೋ ಜನರಲ್ಲಿ ಉಳ್ಕೊಳ್ಳತ್ತಂತೆ. ಇದು ಭಕ್ತಿನಾ ಬರೀ ಅಭ್ಯಾಸನಾ ಅಂತ ಮೇಷ್ಟ್ರನ್ನ ಕೇಳಿದ್ದೆ. ಮಗ್ಗಿ ಕೂಡ ಹಾಗೇ ಉಳ್ಕೊಳ್ಳತ್ತೆ, ಹಾಗಂತ ಯಾರೂ ಮಗ್ಗಿಗೆ ಕೈ ಮುಗಿಯಲ್ಲ ಅಂದ್ರು. ಆದ್ರೆ ಅಜ್ಜಿ ಅದನ್ನ ಹೇಳೋವಾಗ ಮುಖ ಬದಲಾಗ್ತಿತ್ತು, ಅದನ್ನ ಅವರು ನೋಡಿರ್ಲಿಲ್ಲ.

ನಾನು ತಪ್ಪು ಹೇಳಿದ್ರೆ ಅಜ್ಜಿ ತಡೆದು ಮತ್ತೆ ಮೊದಲಿಂದ ಶುರು ಮಾಡಿಸೋರು. ಅದಕ್ಕೆ ಒಂದು ವಾರ ಪಟ್ಟಾಗಿ ಕೂತು ಪೂರ್ತಿ ಬಾಯಿಪಾಠ ಮಾಡ್ದೆ, ಈ ಸಲ ತಪ್ಪಿಲ್ಲದೆ ಹೇಳಿ ತೋರಿಸ್ತೀನಿ ಅಂತ. ಹೋದೆ. ಹಾಸಿಗೆ ಖಾಲಿ, ಹೊಸ ಬೆಡ್‌ಶೀಟ್, ಬಿಗಿಯಾಗಿ ಎಳೆದು ಸಿಗಿಸಿರೋದು, ಸೈಡ್ ಟೇಬಲ್ ಒರೆಸಿಟ್ಟಿತ್ತು. ಎರಡು ದಿನದ ಹಿಂದೆ ಹೋದ್ರಂತೆ. ನನಗೆ ಯಾರೂ ಫೋನ್ ಮಾಡಿರ್ಲಿಲ್ಲ, ಯಾಕೆ ಮಾಡಬೇಕು, ನಾನು ಯಾರು?

ಅಲ್ಲೇ ಕೂತು ಮನಸ್ಸಲ್ಲೇ ಹೇಳೋಣ ಅಂದ್ಕೊಂಡೆ ಆ ಪ್ರಾರ್ಥನೇನ. ಮೂರನೇ ಸಾಲಲ್ಲಿ ಮರ್ತೋಯ್ತು. ತಡೆಯೋಕೆ ಯಾರೂ ಇರ್ಲಿಲ್ಲ ಅಂತ ಹಾಗೇ ಬಿಟ್ಟು ಎದ್ದು ಬಂದೆ.

ಅವತ್ತು ಕೋಆರ್ಡಿನೇಟರ್ ಮೇಡಂ ಹತ್ರ ಸ್ವಲ್ಪ ಹೊತ್ತು ಮಾತಾಡ್ದೆ. ಇಂಥ ದುಃಖಕ್ಕೂ ಒಂದು ಹೆಸರಿದೆ ಅಂತ ಅವರಿಂದಾನೇ ಗೊತ್ತಾಗಿದ್ದು. ಕೆನೆತ್ ಡೋಕಾ ಅನ್ನೋ ಅಮೆರಿಕದ ಪ್ರೊಫೆಸರ್ 1980ರ ದಶಕದಲ್ಲಿ ಇದರ ಬಗ್ಗೆ ಬರೆದ್ರಂತೆ, ನಮ್ಮ ಮಾತಲ್ಲಿ ಹೇಳೋದಾದ್ರೆ ಹಕ್ಕಿಲ್ಲದ ದುಃಖ. ಸತ್ತವರಿಗೆ ನಾವು ಮಗಳಲ್ಲ, ಸೊಸೆ ಅಲ್ಲ, ಹಳೇ ಪರಿಚಯಾನೂ ಅಲ್ಲ, ವಾರಕ್ಕೊಂದ್ಸಲ ಬಂದು ಎರಡು ಗಂಟೆ ಕೂತು ಹೋಗೋರು, ನಾವು ಅತ್ತರೆ ನೋಡಿದವರಿಗೆ ಆಶ್ಚರ್ಯ. ಅಲ್ಲಿದ್ದ ಇನ್ನೊಬ್ಬ ವಾಲಂಟಿಯರ್ ಸಮಾಧಾನಕ್ಕೆ ಅಂತ ದುಃಖಕ್ಕೆ ಐದು ಹಂತ ಇದೆ, ನೀನೀಗ ಎರಡನೇದ್ರಲ್ಲಿದೀಯ ಅಂದ್ರು. ಮೇಡಂ ನಕ್ಕು, ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಅದನ್ನ ಹೇಳಿದ್ದು ಸಾಯ್ತಿರೋ ರೋಗಿಗಳ ಬಗ್ಗೆ, ಉಳಿದವರ ಬಗ್ಗೆ ಅಲ್ಲ, ಅದೇನು ಬಸ್ ಸ್ಟಾಪ್ ಥರ ಒಂದಾದಮೇಲೆ ಒಂದು ಬರಲ್ಲ ಅಂದ್ರು. ನನಗೆ ಯಾವ ಹಂತಾನೂ ಅನ್ನಿಸ್ಲಿಲ್ಲ, ಮೂರನೇ ಸಾಲು ಯಾಕೆ ಮರೀತು ಅನ್ನೋದೇ ತಲೇಲಿ ಸುತ್ತಿತ್ತು.

ಮಹಡಿ ಮೇಲಿನ ರೂಮಿನ ಇನ್ನೊಬ್ಬ ಅಜ್ಜಿ ವಿಷಯ ಚಿಕ್ಕದಾಗಿ ಹೇಳ್ತೀನಿ, ಜಾಸ್ತಿ ಹೇಳೋಕೆ ನನಗೇ ಕಷ್ಟ. ಜೀವನ ಪೂರ್ತಿ ದೇವರು ದೇವರು ಅಂದವರು, ಕೊನೇ ಎರಡು ತಿಂಗಳು ನಿಲ್ಲಿಸ್ಬಿಟ್ರು. ಕೇಳಿದ್ರೆ "ಅವನು ಕೇಳಿಸ್ಕೋತಾ ಇಲ್ಲ ಮಗಾ, ನಾನ್ಯಾಕೆ ಕೂಗ್ಲಿ" ಅಂದ್ರು. ನೋವಿನ ಔಷಧಿ ಸರಿಯಾಗೇ ಕೊಡ್ತಿದ್ರು, ಆದ್ರೂ ನೋವು ನೋವು ಅನ್ನೋರು. ಸಿಸ್ಟರ್ ಒಬ್ಬರು ಆಗ ಸಿಸಿಲಿ ಸಾಂಡರ್ಸ್ ಬಗ್ಗೆ ಹೇಳಿದ್ರು, ಮೊದಲು ನರ್ಸ್ ಆಗಿದ್ದು ಆಮೇಲೆ ಡಾಕ್ಟರ್ ಆದವರು, 1967ರಲ್ಲಿ ಲಂಡನ್ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದ್ರೆ ಕೊನೇ ದಿನಗಳಲ್ಲಿರೋ ರೋಗಿಗಳನ್ನ ನೋಡ್ಕೊಳ್ಳೋ ಜಾಗ, ಶುರು ಮಾಡಿದವರು. ಮೈ ನೋವು, ಮನಸ್ಸಿನ ನೋವು, ಮನೆಯವರ ಚಿಂತೆ, ದೇವರ ಜೊತೆಗಿನ ಲೆಕ್ಕಾಚಾರ, ನಾಲ್ಕೂ ಸೇರಿ ಒಂದೇ ನೋವಾಗಿ ಬರತ್ತೆ, ಒಂದಕ್ಕೆ ಮಾತ್ರ ಮಾತ್ರೆ ಕೊಟ್ಟರೆ ಸಾಲಲ್ಲ ಅನ್ನೋದು ಅವರ ಮಾತಿನ ಸಾರ. ನಾನು ಆ ಅಜ್ಜಿಗೆ ದೇವರ ಪರ ವಕಾಲತ್ತು ಮಾಡ್ಲಿಲ್ಲ, ಮೇಷ್ಟ್ರ ಹತ್ರ ಪಾಠ ಆಗಿತ್ತಲ್ಲ. ಕೈ ಹಿಡ್ಕೊಂಡು ಅವರು ಬೈದಿದ್ದನ್ನೆಲ್ಲ ಕೇಳಿಸ್ಕೊಂಡೆ. ಕೊನೆಗೆ ಅವರು ಮತ್ತೆ ನಂಬಿದ್ರಾ? ಇಲ್ಲ. ಸಿಟ್ಟಲ್ಲೇ ಹೋದ್ರು. ಆದ್ರೆ ಅಷ್ಟೊಂದು ಸಿಟ್ಟು ಇಲ್ಲದವನ ಮೇಲೆ ಬರತ್ತಾ ಅಂತ ಒಂದೊಂದ್ಸಲ ಅನ್ನಿಸತ್ತೆ.

ಇನ್ನು ಟೈಲರ್ ತಾತ.

ಅವರದ್ದು ನಿಧಾನ. ಊಟ ಬಿಟ್ರು, ಆಮೇಲೆ ನೀರೂ ಬೇಡ ಅಂದ್ರು. ಮನೆಯವರು ಗಾಬರಿ ಬಿದ್ದು ಏನಾದ್ರೂ ತಿನ್ನಿಸಿ ಅಂತ ಹೇಳೋರು, ಆಗ ಸಿಸ್ಟರ್ ತಾಳ್ಮೆಯಿಂದ ಹೇಳ್ತಿದ್ರು, ತಿನ್ನದೇ ಇರೋದಕ್ಕೆ ಸಾಯ್ತಿಲ್ಲ, ಸಾಯ್ತಿರೋದಕ್ಕೆ ದೇಹ ಊಟ ಬೇಡ ಅಂತಿದೆ ಅಂತ. ಒದ್ದೆ ಸ್ಪಂಜಿನ ಕಡ್ಡಿ ತಗೊಂಡು ತುಟಿ, ನಾಲಿಗೆ ಒದ್ದೆ ಮಾಡೋದು ನನಗೆ ಕಲಿಸ್ಕೊಟ್ರು. ನೀರು ಕೊಟ್ಟು ಬೈಸ್ಕೊಂಡವಳಿಗೆ ಅದೇ ತಾತನ ಬಾಯಿ ಒದ್ದೆ ಮಾಡೋ ಕೆಲಸ.

ಕೊನೇ ದಿನಗಳಲ್ಲಿ ಯಾರೂ ಒಂಟಿಯಾಗಿರಬಾರದು ಅಂತ ಎರಡೆರಡು ಗಂಟೆ ಸರದಿ ಹಾಕ್ಕೊಂಡು ಕೂರ್ತಿದ್ವಿ. ಮಗಳು ದೂರದಿಂದ ಹೊರಟಿದ್ರು, ಇನ್ನೂ ತಲುಪಿರ್ಲಿಲ್ಲ. ನನ್ನ ಸರದಿ ಸಂಜೆ. ಉಸಿರು ಒಂದು ಥರ ಇತ್ತು, ಜೋರಾಗಿ ಜೋರಾಗಿ ಏರಿ, ಮೆಲ್ಲಗಾಗಿ, ನಿಂತೇ ಹೋಗೋದು, ನಾನು ಮನಸ್ಸಲ್ಲೇ ಎಣಿಸ್ತಾ ಇಪ್ಪತ್ತು ಅನ್ನೋಷ್ಟರಲ್ಲಿ ಮತ್ತೆ ಶುರು ಆಗೋದು. ಹತ್ತೊಂಬತ್ತನೇ ಶತಮಾನದಲ್ಲೇ ಚೇನ್, ಸ್ಟೋಕ್ಸ್ ಅಂತ ಇಬ್ಬರು ಡಾಕ್ಟರು ಇದನ್ನ ಬರೆದಿಟ್ಟಿದಾರೆ, ಅವರ ಹೆಸರೇ ಇದೆ ಆ ಉಸಿರಿಗೆ. ಗೊತ್ತಿದ್ರೂ ಪ್ರತಿ ಸಲ ನಿಂತಾಗ ನನ್ನ ಉಸಿರೂ ನಿಲ್ತಿತ್ತು. ಗಂಟಲಲ್ಲಿ ಗೊರಗೊರ ಸದ್ದು ಬೇರೆ, ನುಂಗೋಕಾಗದೆ ನಿಂತ ಎಂಜಲು ಅದು, ಅವರಿಗಿಂತ ಕೇಳೋರಿಗೇ ಹಿಂಸೆ ಅಂದ್ರು ಸಿಸ್ಟರ್. ಪಾದ ತಣ್ಣಗೆ, ಮಂಡಿ ಹತ್ರ ನೀಲಿ ನೀಲಿ ಮಚ್ಚೆ. ಬೆರಳು ಮಾತ್ರ ಸುಮ್ಮನಿರ್ಲಿಲ್ಲ, ಹೊದಿಕೆ ಅಂಚನ್ನ ಹಿಡ್ಕೊಂಡು ಕೀಳೋದು, ಮಡಿಸೋದು, ಎಳೆಯೋದು. ಕೊನೇಲಿ ಹೀಗೆ ಮಾಡೋದು ಎಷ್ಟೋ ಜನರಲ್ಲಿ ಇರತ್ತಂತೆ. ನನಗೆ ಮಾತ್ರ ಅಂಚು ಹೊಲಿತಿದಾರೆ ಅಂತಾನೇ ಕಂಡಿದ್ದು, ಇಲ್ಲಾ ಮಣಿ ಎಣಿಸ್ತಿದಾರೆ ಅಂತ.

ಅವರು ಪ್ರಾರ್ಥನೆ ಹೇಳೋ ಟೈಮ್ ಆಯ್ತು. ತುಟಿ ಅಲ್ಲಾಡ್ಲಿಲ್ಲ. ಸಿಸ್ಟರ್ ಮೆಲ್ಲಗೆ, ನಿಮಗೆ ಬರತ್ತಾ ಅದು ಅಂತ ಕೇಳಿದ್ರು. ಎರಡು ಸಾಲು ಬರೋದು, ಶುರು ಮಾಡ್ದೆ. ಮಧ್ಯದಲ್ಲಿ ಅಡ್ಡ ಎಳೆದಿದ್ದ ಪರದೆ ಆ ಕಡೆಯಿಂದ ದನಿ ಬಂತು, "ಎರಡನೇ ಸಾಲು ತಪ್ಪು."

ಆಮೇಲೆ ಮೇಷ್ಟ್ರು ಅದನ್ನ ಮೊದಲಿಂದ ಕೊನೇ ತನಕ ಹೇಳಿದ್ರು. ನಾಲ್ಕು ವರ್ಷ ದಿನಾ ಸಂಜೆ ಈ ಗಲಾಟೆ ನಿಲ್ಲಿಸಪ್ಪಾ ಅಂತ ಬೈತಾನೇ ಕೇಳಿಸ್ಕೊಂಡಿದ್ದು. ರಾಗ ಇಲ್ಲ, ಭಕ್ತಿ ಇಲ್ಲ, ಪಾಠ ಓದಿ ಹೇಳೋ ಥರ, ಒಂದೊಂದು ಅಕ್ಷರ ಬಿಡಿಸಿ ಬಿಡಿಸಿ, ಮಹಾಪ್ರಾಣ ಎಲ್ಲ ಸ್ಪಷ್ಟವಾಗಿ. ಮಧ್ಯೆ ಮಧ್ಯೆ ಉಸಿರು ಸಾಲದೆ ನಿಲ್ಲಿಸೋರು, ಅವರದ್ದೇ ಹಾರ್ಟ್ ಆ ಸ್ಥಿತೀಲಿತ್ತಲ್ಲ, ನಿಲ್ಲಿಸಿದ ಜಾಗದಿಂದಾನೇ ಮತ್ತೆ ಎತ್ಕೊಳ್ಳೋರು. ಪರದೆ ಈ ಕಡೆ ಒಂದು ಉಸಿರು ನಿಂತು ನಿಂತು ಬರ್ತಿತ್ತು, ಆ ಕಡೆ ಇನ್ನೊಂದು.

ಟೈಲರ್ ತಾತನ ಬೆರಳು ನಿಂತಿತು. ಪವಾಡ ಅಂತ ನಾನು ಹೇಳಲ್ಲ, ಅರ್ಧ ಗಂಟೆ ಮುಂಚೆ ಸಿಸ್ಟರ್ ಔಷಧಿ ಕೊಟ್ಟಿದ್ರು, ಅದು ಹತ್ತೋ ಟೈಮೂ ಅದೇ.

ಮುಗಿದ ಮೇಲೆ ಪರದೆ ಸರಿಸಿ, ನಿಮಗೆ ನಂಬಿಕೆನೇ ಇಲ್ವಲ್ಲ ಮೇಷ್ಟ್ರೇ ಅಂದೆ. "ನಂಬಿಕೆ ಅವನದು, ಉಚ್ಚಾರಣೆ ನನ್ನದು" ಅಂದು ಗೋಡೆ ಕಡೆ ತಿರುಗಿದ್ರು.

ಮಗಳು ರಾತ್ರಿ ಬಂದ್ರಂತೆ, ತಾತ ಬೆಳಗಿನ ಜಾವ ಹೋದ್ರು. ಅಂತ್ಯಕ್ರಿಯೆಗೆ ಹೋಗ್ಬೇಕೋ ಬೇಡ್ವೋ ಅಂತ ಒದ್ದಾಡಿ ಹೋದೆ, ಹಿಂದೆ ನಿಂತಿದ್ದೆ. ಮಗಳು ಬಂದು ನೀವು ಯಾರು ಅಂತ ಗೊತ್ತಾಗ್ಲಿಲ್ಲ ಅಂದ್ರು. ನಾನೊಬ್ಬ ವಾಲಂಟಿಯರ್ ಅಂದೆ. ಅವರು ಒಂದು ಕ್ಷಣ ನೋಡಿ, ನೀರು ಕೊಟ್ಟವರಾ ಅಂತ ಕೇಳಿದ್ರು. ತಾತ ಫೋನಲ್ಲಿ ಹೇಳಿದ್ರಂತೆ, ಒಬ್ಬಳು ಬರ್ತಾಳೆ, ನೀರು ಕೊಟ್ಟು ಕೊಲ್ಲೋಕೆ ನೋಡಿದ್ಲು, ಒಳ್ಳೇ ಹುಡುಗಿ ಅಂತ. ಇಬ್ಬರೂ ಅಲ್ಲೇ ನಕ್ಕು, ಆಮೇಲೆ ಇಬ್ಬರೂ ಅತ್ವಿ. ಹಕ್ಕು ಗಿಕ್ಕು ಅವತ್ತು ನೆನಪಾಗ್ಲಿಲ್ಲ.

ಮೇಷ್ಟ್ರು ಅದಾದ ಮೇಲೆ ಸುಮಾರು ಮೂರು ತಿಂಗಳು ಇದ್ರು. ಪಕ್ಕದ ಬೆಡ್ ಖಾಲಿ, ಸಂಜೆ ಆ ಟೈಮಿಗೆ ಗಡಿಯಾರ ನೋಡೋರು, ನಾನು ಗಮನಿಸಿದ್ದೆ, ಕೇಳ್ಲಿಲ್ಲ. ತನಗೆ ಏನು ಬೇಕು ಅನ್ನೋದನ್ನ ಮೊದಲೇ ಸಿಸ್ಟರ್ ಹತ್ರ ಬರೆಸಿಟ್ಟಿದ್ರು, ಪ್ರಾರ್ಥನೆ ಬೇಡ, ಯಾರಾದ್ರೂ ಪೇಪರ್ ಓದಿ, ಎಡಿಟೋರಿಯಲ್ ಪುಟದಿಂದ. ಇಂಥದ್ದನ್ನ ಮೊದಲೇ ಕೇಳಿ ಬರೆದಿಟ್ಕೊಳ್ಳೋ ಪದ್ಧತಿ ಅಲ್ಲಿತ್ತು, ಬಹಳ ಒಳ್ಳೇದು, ನಂಬದೇ ಇರೋರಿಗೂ ಕೊನೇ ಗಳಿಗೇಲಿ ತಮ್ಮ ಥರ ಇರೋ ಅವಕಾಶ ಬೇಕಲ್ಲ.

ಎಚ್ಚರ ಇದ್ದಾಗಿನ ಕೊನೇ ಸಲ ಹೊರಡೋವಾಗ ಬಂದೇನು ಅಂದೆ. ಅವರು ಇದ್ದೇನು ಅನ್ಲಿಲ್ಲ. ಕೈ ಸ್ವಲ್ಪ ಎತ್ತಿದ್ರು ಅಷ್ಟೇ. ನಿದ್ದೆ ಮಂಪರು ಅಂದ್ಕೊಂಡೆ.

ಮತ್ತೆ ಹೋದಾಗ ಕರೆದ್ರೆ ಓಗೊಡ್ತಿರ್ಲಿಲ್ಲ. ಪೇಪರ್ ತಗೊಂಡು ಕೂತೆ. ಕೊನೇ ಗಂಟೆಗಳಲ್ಲೂ ಕಿವಿ ಕೇಳಿಸ್ತಿರಬಹುದು ಅಂತಾರೆ, 2020ರಲ್ಲಿ ಕೆನಡಾದ ಸಂಶೋಧಕರು ಹಾಸ್ಪಿಸ್‌ನಲ್ಲಿ ಪ್ರಜ್ಞೆ ತಪ್ಪಿದ ಕೆಲವರ ಮೆದುಳಿನ ತರಂಗ ನೋಡಿದಾಗ ಸದ್ದಿನ ಬದಲಾವಣೆಗೆ ಆರೋಗ್ಯವಂತರ ಥರಾನೇ ಸ್ಪಂದನೆ ಕಂಡಿತ್ತಂತೆ. ಅರ್ಥ ಆಗತ್ತೆ ಅಂತ ಅವರು ಹೇಳಿಲ್ಲ, ಸದ್ದು ತಲುಪತ್ತೆ ಅಂತಷ್ಟೇ. ನನಗೆ ಅಷ್ಟು ಸಾಕಿತ್ತು. ಓದ್ತಾ ಓದ್ತಾ ಬೇಕಂತಲೇ ಒಂದು ಮಹಾಪ್ರಾಣ ಬಿಟ್ಟು ಓದಿದೆ. ಸುಮ್ಮನೆ ನೋಡ್ದೆ. ಏನಿಲ್ಲ. ಇನ್ನೊಂದು ಪದ ತಪ್ಪಿಸ್ದೆ, ಯಾರಿಗಾದ್ರೂ ಮೈ ಉರಿಯೋ ಥರ. ಹುಬ್ಬು ಕೂಡ ಅಲ್ಲಾಡ್ಲಿಲ್ಲ. ಆಮೇಲೆ ಆ ಪ್ಯಾರಾ ಪೂರ್ತಿ ಮತ್ತೆ ಮೊದಲಿಂದ ಸರಿಯಾಗಿ ಓದಿದೆ.

ಒಂದು ಕಳ್ಳತನಾನೂ ಮಾಡ್ದೆ. ಹೊರಗೆ ಕಾರಿಡಾರಿಗೆ ಬಂದು ಕೈ ಮುಗಿದೆ, ಯಾರಿಗೆ ಅಂತ ಗೊತ್ತಿಲ್ಲ, ಟೈಲರ್ ತಾತನ ಪ್ರಾರ್ಥನೇನೇ ಮನಸ್ಸಲ್ಲಿ ಹೇಳ್ಕೊಂಡೆ, ಈ ಸಲ ಎರಡನೇ ಸಾಲು ಸರಿ ಇತ್ತು. ಮೇಷ್ಟ್ರಿಗೆ ಗೊತ್ತಾಗಿದ್ರೆ ಹಾಸಿಗೆ ಮೇಲೆ ಜಾಗ ಇಲ್ಲ ಅಂದಿರೋರು, ಅದಕ್ಕೇ ಕಾರಿಡಾರಲ್ಲಿ.

ಎರಡು ದಿನ ಆದ್ಮೇಲೆ ಮೇಡಂ ಫೋನ್ ಮಾಡಿದ್ರು, ಈ ಸಲ ತಿಳಿಸಿ ಅಂತ ನಾನೇ ಹೇಳಿದ್ದೆ. ಆಯಾ ಬಟ್ಟೆ ಹಿಂಡ್ಕೊಂಡು ಬರೋಕೆ ಹೋದ ಐದು ನಿಮಿಷದಲ್ಲಿ ಹೋದ್ರಂತೆ. ಆಯಾ ತುಂಬಾ ನೊಂದ್ಕೊಂಡಿದ್ರು. ಅಷ್ಟು ದಿನ ಕಾದು ಕೂತವರು ಒಂದು ಕ್ಷಣ ಎದ್ದಾಗ ಹೋಗೋದು ಇಲ್ಲಿ ಎಷ್ಟೋ ಸಲ ನೋಡಿದೀವಿ ಅಂತ ಮೇಡಂ ಅವರಿಗೆ ಹೇಳ್ತಿದ್ದಿದ್ದು ಫೋನಲ್ಲೇ ಕೇಳಿಸ್ತಿತ್ತು.

ಒಂದೂವರೆ ತಿಂಗಳು ನಾನು ಆ ಕಡೆ ತಲೆ ಹಾಕ್ಲಿಲ್ಲ. ಮೇಡಂ ಏನೂ ಅನ್ಲಿಲ್ಲ, ಬಿಡುವು ತಗೊಳ್ಳಿ, ಎಲ್ಲರೂ ತಗೋತಾರೆ ಅಂದ್ರು. ಹೋದ ವಾರ ಮತ್ತೆ ಹೋದೆ. ಕಿಟಕಿ ಕಡೆ ಬೆಡ್ಡಲ್ಲಿ ಹೊಸಬರು, ದಪ್ಪ ಕನ್ನಡಕದ ತಾತ ಒಬ್ಬರು, ಕಿವಿ ಸ್ವಲ್ಪ ಮಂದ. ಒಳಗೆ ಕಾಲಿಟ್ಟವಳು ಮೊದಲು ತಲೆ ಹತ್ರದ ಬೋರ್ಡ್ ಓದಿದೆ, ನೀರು ಮಾಮೂಲಿ ಕೊಡಬಹುದು. ಒಂದು ಗಂಟೆ ಮಾತಾಡಿದ್ರು, ಅದರಲ್ಲಿ ಅರ್ಧ ನನಗೆ ಅರ್ಥ ಆಗ್ಲಿಲ್ಲ, ನಾನು ಹೇಳಿದ್ದು ಅವರಿಗೆ ಪೂರ್ತಿ ಕೇಳಿಸ್ಲಿಲ್ಲ. ಹೊರಡೋವಾಗ ಅಭ್ಯಾಸಬಲದಿಂದ "ಬಂದೇನು" ಅಂದೆ.

"ಏನಂದೆ?" ಅಂತ ಕಿವಿಗೆ ಕೈ ಹಿಡಿದ್ರು.

ಹತ್ರ ಹೋಗಿ ಜೋರಾಗಿ "ಬರ್ತೀನಿ ತಾತ" ಅಂದೆ.